ಅವ್ವನ ಕಣ್ಣಿನ ಕಪ್ಪು

ಒಳಗೆ ಬನ್ನಿ. ದೀಪ ಹಚ್ಚುವ ಹೊತ್ತಿನಲ್ಲಿ ಹೊಸಿಲ ಮೇಲೆ ನಿಲ್ಲಬಾರದು. ಅಲ್ಲಿ ಕಂಬಕ್ಕೆ ಒರಗಿ ಕೂತುಕೊಳ್ಳಿ. ಕಾಲು ಚಾಚಿದರೂ ಚಿಂತೆಯಿಲ್ಲ, ಮನಸ್ಸು ಮಾತ್ರ ಇತ್ತ ಇರಲಿ. ಇದು ಒಬ್ಬ ಗುರು ತನ್ನ ಶಿಷ್ಯನಿಗೆ ಹೇಳಿದ ಕತೆ. ನನ್ನ ಕಿವಿಗೆ ಬಿದ್ದಷ್ಟನ್ನು ನಿಮ್ಮ ಕಿವಿಗೆ ಹಾಕುತ್ತೇನೆ.

ಮಠದಲ್ಲಿ ದೀಪಗಳ ಕೆಲಸ ನಿಂಗಯ್ಯನದು. ಒಂದು ಸಂಜೆ ಅವನು ದೀಪದ ಗೂಡು ಒರೆಸುತ್ತಿದ್ದ. ಎಷ್ಟು ತಿಕ್ಕಿದರೂ ಮಸಿ ಹೋಗಲಿಲ್ಲ. ಗೂಡಿನದು ಕೈಗೆ ಬಂತು, ಕೈಯದು ಮುಖಕ್ಕೆ ಬಂತು. ಅವನು ಬಟ್ಟೆ ಹಿಡಿದುಕೊಂಡೇ ಹೋಗಿ ಗುರುಗಳ ಮುಂದೆ ಕೂತು ಕೇಳಿದ:

"ಅಜ್ಜಾರೇ, ದೇವರ ಮುಂದೆ ದೀಪ ಹಚ್ಚುವುದು ಬೆಳಕಿಗಾಗಿ. ಆ ಬೆಳಕಿನ ಹೊಟ್ಟೆಯಲ್ಲೇ ಈ ಮಸಿ ಯಾಕೆ ಹುಟ್ಟಬೇಕು? ನನ್ನ ಹಣೆಬರಹವೂ ಇದೇ. ಕಣ್ಣು ಮುಚ್ಚಿ ಕೂತರೆ ಒಂದು ಗಳಿಗೆ ಬೆಳಕು, ಅದರ ಬೆನ್ನಿಗೇ ಹೊಗೆ. ಇಂಥ ಮನಸ್ಸನ್ನು ದೇವರ ಮುಂದೆ ಹೇಗೆ ಇಡಲಿ?"

ಗುರುಗಳು ಅವನ ಮುಖ ನೋಡಿ ನಕ್ಕರು. "ಮೊದಲು ಮೂಗಿನ ಮೇಲಿನದನ್ನು ಒರೆಸಿಕೋ. ಇಲ್ಲದಿದ್ದರೆ ನನಗೆ ನಗು ತಡೆಯುವುದಿಲ್ಲ" ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರು. ಆ ಊರಿನ ದೇವಿ ಮರದವಳು. ಕೆಲವು ವರ್ಷಕ್ಕೊಮ್ಮೆ ಅವಳು ಬಣ್ಣಕ್ಕೆ ಕೂರುತ್ತಿದ್ದಳು. ಚಿತ್ರಗಾರ ಬಂದು ಹಳೆಯ ಬಣ್ಣ ಕೆರೆದು ಹೊಸದು ಹಚ್ಚುತ್ತಿದ್ದ. ಎಲ್ಲ ಮುಗಿದ ಮೇಲೆ ಕಡೆಗೆ ಬರೆಯುವುದು ಕಣ್ಣು. ಕಣ್ಣು ಬರೆಯುವತನಕ ಅವಳು ಮರ, ಬರೆದ ಮೇಲೆ ಅವ್ವ. ಕಣ್ಣು ತೆರೆದವಳ ಮೊದಲ ನೋಟ ಯಾರ ಮೇಲೆ ಬೀಳುತ್ತದೋ ಅವರ ದುಃಖ ಅಲ್ಲಿಗೆ ಮುಗಿಯಿತು ಎಂದು ಜನ ನಂಬಿದ್ದರು.

ಆ ಊರಿನಲ್ಲಿ ಒಬ್ಬ ಹೆಂಗಸು. ಅವಳಿಗೊಂದು ಹೆಣ್ಣು ಕೂಸು. ಕೂಸು ಹಾಲು ಕುಡಿಯುತ್ತಿತ್ತು, ಮಾತಾಡಿಸಿದರೆ ನಗುತ್ತಿತ್ತು, ಆದರೆ ನೋಡುತ್ತಿರಲಿಲ್ಲ. ಮುಖದ ಮುಂದೆ ದೀಪ ಹಿಡಿದರೂ ಅದರ ಕಣ್ಣು ಹೊರಳುತ್ತಿರಲಿಲ್ಲ. ಅವ್ವ ಕಣ್ಣು ತೆರೆಯುವ ದಿನ ಕೂಸನ್ನು ಎದುರಿಗೆ ಹಿಡಿಯಬೇಕು, ಆ ಒಂದು ನೋಟ ಇದರ ಮೇಲೆ ಬೀಳಬೇಕು. ತಾಯಿ ಬೇಡಿದ್ದು ಅಷ್ಟೇ.

ಅವಳು ಬೇಲಿಯ ಗಿಡಗಳಿಂದ ಹರಳಿನ ಬೀಜ ಆರಿಸಿದಳು. ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೆದಳು. ಹಳೆಯ ಸೀರೆಯ ಅಂಚು ಹರಿದು ಬತ್ತಿ ಹೊಸೆದಳು. ದೇವಿ ಬಣ್ಣಕ್ಕೆ ಕೂತ ದಿನದಿಂದ ಗುಡಿಯಲ್ಲಿ ಅವಳ ಹಣತೆಯೂ ಉರಿಯತೊಡಗಿತು.

ಆ ಸಲ ಖರ್ಚೆಲ್ಲ ಹೊತ್ತು ಸೇವೆ ಹಿಡಿದವನು ಒಬ್ಬ ವ್ಯಾಪಾರಿ. ಅವನು ಬೆಳ್ಳಿಯ ದೀಪ ತಂದ, ಹಸುವಿನ ತುಪ್ಪ ತಂದ. ಹೊಸ ಬಣ್ಣಕ್ಕೆ ಹೊಗೆ ಕೂತೀತೆಂದು ಎಣ್ಣೆಯ ದೀಪಗಳನ್ನೆಲ್ಲ ತೆಗೆಸಿದ. ಜನ ತಮ್ಮ ತಮ್ಮ ಹಣತೆ ಮನೆಗೆ ಒಯ್ದರು. ಈ ಹೆಂಗಸು ಮಾತ್ರ ಒಯ್ಯಲಿಲ್ಲ. ಪೂಜಾರಿಗೆ ಸಿಟ್ಟು ಬಂತು.

"ನಿನ್ನ ದೀಪ ಬೆಳಗತೈತೋ, ಒಲಿಹಂಗ ಹೊಗಿಯಾಡತೈತೋ? ಅವ್ವನ ಮೂಗು ಕರ್ರಗಾದರ ನೀ ಬಂದು ತೊಳಿತಿಯೇನು?"

"ನನ್ನ ಕಡೆ ಇರೋದು ಇದೊಂದ, ಯಪ್ಪಾ. ನೀ ಎಲ್ಲಿಡು ಅಂತಿ ಅಲ್ಲಿಡತೀನಿ."

ಅವನು ಗುಡಿಯ ಹಿಂಗೋಡೆಯ ಕಡೆ ಕೈ ಮಾಡಿದ. ಅದರ ಹೊರಮೈಯಲ್ಲೊಂದು ಗೂಡಿತ್ತು. ಅವಳು ಹಣತೆಯನ್ನು ಅಲ್ಲಿಟ್ಟಳು. ದಿನವೂ ಬಂದು ಎಣ್ಣೆ ಹಾಕಿದಳು. ಬೆಳ್ಳಿಯ ದೀಪಗಳು ದೇವಿಯ ಮುಖಕ್ಕೆ ಬೆಳಗಿದವು, ಅವಳ ದೀಪ ದೇವಿಯ ಬೆನ್ನಿಗೆ ಉರಿಯಿತು. ಗೂಡಿನ ನೆತ್ತಿ ಕಪ್ಪಾಗುತ್ತಾ ಹೋಯಿತು.

ಕಣ್ಣು ಬರೆಯುವ ದಿನ ಬಂತು. ಊರಿಗೆ ಊರೇ ಗುಡಿಯ ಮುಂದೆ ನೆರೆಯಿತು. ಎದುರಿನ ಜಾಗದಲ್ಲಿ ವ್ಯಾಪಾರಿ ತನ್ನ ಮನೆಮಂದಿಯನ್ನು ನಿಲ್ಲಿಸಿಕೊಂಡ. ಹೆಂಗಸು ಕೂಸನ್ನು ಎತ್ತಿಕೊಂಡು ನುಗ್ಗಿದಳು, ಜನ ಹಿಂದಕ್ಕೆ ನೂಕಿದರು. ಮತ್ತೆ ನುಗ್ಗಿದಳು. ಕೂಸು ಉಸಿರುಗಟ್ಟಿ ಅತ್ತಿತು. ಅದನ್ನು ಉಳಿಸಿಕೊಂಡರೆ ಸಾಕೆಂದು ಹೊರಗೆ ಬಂದಳು. ಕಾಲುಗಳು ಅವಳನ್ನು ಅವಳ ದೀಪದ ಗೂಡಿನ ಕಡೆಗೇ ಕರೆತಂದವು. ಗೋಡೆಗೆ ಆತು ಕೂತಳು.

"ಇಷ್ಟು ದಿನ ನಿನ್ನ ಬೆನ್ನಿಗೇ ದೀಪ ಹಿಡಿದೆ. ಇವತ್ತೂ ನನಗ ನಿನ್ನ ಬೆನ್ನೇ ಏನವ್ವಾ?" ಎಂದಳು.

ಒಳಗೆ ಗಲಿಬಿಲಿ ಎದ್ದಿತು. ಕಣ್ಣಿಗೆ ಕಪ್ಪು ಬೇಕಲ್ಲ! ಬಣ್ಣವನ್ನು ಎಲ್ಲಿಂದಲಾದರೂ ತರಬಹುದು. ಕಣ್ಣಿನ ಕಪ್ಪು ಮಾತ್ರ ದೇವಿಗೆಂದು ಹಚ್ಚಿದ ದೀಪದ ಮಸಿಯೇ ಆಗಬೇಕು. ಹಿಂದೆಲ್ಲ ಊರಿನ ಹಣತೆಗಳು ಹೊಗೆಯುತ್ತಿದ್ದವು, ಅದಕ್ಕೆ ಬರವಿರಲಿಲ್ಲ. ಅವನ್ನು ತೆಗೆಸುವಾಗ ಈ ಮಾತು ಯಾರಿಗೂ ನೆನಪಾಗಿರಲಿಲ್ಲ. ಚಿತ್ರಗಾರ ಬೆಳ್ಳಿಯ ದೀಪಗಳ ಮೇಲೆ ತಾಮ್ರದ ತಟ್ಟೆ ಹಿಡಿದ. ತುಪ್ಪದ ಸಣ್ಣ ಕುಡಿಗಳು ತಟ್ಟೆಯನ್ನು ಬಿಸಿ ಮಾಡಿದವು, ಕಪ್ಪು ಮಾಡಲಿಲ್ಲ. ಗಳಿಗೆ ಮೀರುತ್ತಿತ್ತು.

"ನಮ್ಮನಿ ರೊಟ್ಟಿ ಹಂಚಿನ ಮಸಿ ತರಸಲೇನು?" ಎಂದ ವ್ಯಾಪಾರಿ.

"ಅದು ಹೊಟ್ಟಿಗೆ ಉರದದ್ದು, ಸಾವುಕಾರ್ರ. ಅವ್ವಗ ಉರದದ್ದಲ್ಲ."

ಅಷ್ಟು ಹೇಳಿ ಚಿತ್ರಗಾರ ಮೂಗು ಅರಳಿಸಿದ. ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಅದನ್ನು ಹಿಡಿದು ಗುಡಿಯ ಸುತ್ತ ಬಂದ. ಗೂಡಿನ ಮುಂದೆ ನಿಂತ.

"ಯಾರದವ್ವಾ ಈ ದೀಪ?"

ಹೆಂಗಸು ಹಣತೆಗೆ ಕೈ ಅಡ್ಡ ಹಿಡಿದಳು. "ನಂದ, ಯಪ್ಪಾ. ಇಲ್ಲಿಂದಾನೂ ಹೊಗಿ ತಾಕಿತೇನು? ಆರಸಬ್ಯಾಡ. ನನ್ನ ಕೂಸಿನ ಸಲುವಾಗಿ ಹಚ್ಚೀನಿ."

"ಆರಸಾಕ ಬಂದಿಲ್ಲವ್ವಾ. ಬೇಡಾಕ ಬಂದೀನಿ."

ಅವನು ಗೂಡಿನ ನೆತ್ತಿ ಕೆರೆದ. ತಟ್ಟೆ ತುಂಬ ಮಸಿ ಉದುರಿತು. ಅವಳ ಹಣತೆಯ ಎಣ್ಣೆಯನ್ನೇ ಎರಡು ಹನಿ ಬಿಟ್ಟು ತೇಯ್ದ. ಬೆರಳಿಗೆ ಉಳಿದದ್ದನ್ನು ಕೂಸಿನ ಹಣೆಗೆ ಬೊಟ್ಟಿಟ್ಟು ಒಳಗೆ ಹೋದ.

ಸ್ವಲ್ಪ ಹೊತ್ತಿಗೆ ಊರು ಸ್ತಬ್ಧವಾಯಿತು. ಅಷ್ಟು ಹೆಂಗಸರು ನೆರೆದಿದ್ದರು, ಒಂದು ಬಳೆಯ ಸದ್ದಿಲ್ಲ. ಕುಂಚ ಎದ್ದಿತು ಎಂದು ಅವಳಿಗೆ ತಿಳಿಯಿತು. ಅಂಗೈಯನ್ನು ಗೋಡೆಗೆ ಊರಿದಳು. ಆಚೆ ಕಡೆಯಿಂದ ನೂರಾರು ಗಂಟಲು ಒಂದೇ ಆಗಿ "ಅವ್ವಾ!" ಎಂದವು. ಗೋಡೆ ನಡುಗಿದ್ದು ಅಂಗೈಗೆ ಗೊತ್ತಾಯಿತು. ಮುಗಿಯಿತು, ನೋಟ ಬಿದ್ದವರ ಮೇಲೆ ಬಿದ್ದಾಯಿತು ಎಂದುಕೊಂಡಳು. ಕಣ್ಣೀರು ಇಳಿಯಿತು.

ಮಡಿಲಲ್ಲಿ ಕೂಸಿನ ಮಿಸುಕಾಟ ನಿಂತಿತ್ತು. ಗಾಬರಿಯಿಂದ ಬಗ್ಗಿ ನೋಡಿದಳು. ಕೂಸು ಗೂಡಿನ ಕಡೆಗೆ ಮುಖ ಎತ್ತಿತ್ತು. ಗಾಳಿಗೆ ದೀಪ ಎಡಕ್ಕೆ ಬಾಗಿತು. ಕೂಸಿನ ಕಣ್ಣು ಎಡಕ್ಕೆ ಹೋಯಿತು. ದೀಪ ಬಲಕ್ಕೆ ಬಾಗಿತು. ಕಣ್ಣು ಬಲಕ್ಕೆ ಬಂತು.

ಅವಳು ಕೂಗಲಿಲ್ಲ. ತನ್ನ ಉಸಿರಿಗೆ ದೀಪ ಆರೀತೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಾಗೇ ಕೂತಳು.

ಮೊದಲ ನೋಟ ಬಿದ್ದದ್ದು ತನ್ನ ಮೇಲೆಯೇ ಎಂದು ವ್ಯಾಪಾರಿ ಬದುಕಿರುವತನಕ ಹೇಳಿಕೊಂಡ. ಅವ್ವನ ಪಕ್ಕದಲ್ಲಿ ನಿಂತವನು ನಾನು, ಬಿದ್ದದ್ದು ನನ್ನ ಮೇಲೆ ಎಂದ ಪೂಜಾರಿ. ಇಬ್ಬರೂ ಜಗಳಾಡುತ್ತಲೇ ಮುದುಕರಾದರು. ಚಿತ್ರಗಾರ ಬೇರೆ ಊರುಗಳಿಗೆ ಹೋದ. ಯಾವ ಗುಡಿಗೆ ಹೋದರೂ ಒಳಗೆ ಕಾಲಿಡುವ ಮೊದಲು ಹಿಂಗೋಡೆಗೆ ಒಂದು ಸುತ್ತು ಬರುತ್ತಿದ್ದ. ಕೂಸು ಬೆಳೆಯಿತು, ಮದುವೆಯಾಯಿತು. ತನ್ನ ಮಕ್ಕಳ ಕಣ್ಣಿಗೆ ಅದೇ ಗೂಡಿನ ಕಾಡಿಗೆ ತೀಡಿತು. ಆ ಹೆಂಗಸನ್ನು ಒಳಗೆ ಬಾ ಎಂದು ಆಮೇಲೆ ಎಲ್ಲರೂ ಕರೆದರು. ಅವಳು ಹೋಗಲಿಲ್ಲ. ಹಿಂಗೋಡೆಯಲ್ಲೇ ದೀಪ ಹಚ್ಚುತ್ತಾ ಹಣ್ಣಾಗಿ ಉದುರಿದಳು.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು. ನಿಂಗಯ್ಯನಿಗೆ ತಡೆಯಲಾಗಲಿಲ್ಲ.

"ನಿಜ ಹೇಳಿ ಅಜ್ಜಾರೇ. ಆ ಮೊದಲ ನೋಟ ಯಾರ ಮೇಲೆ ಬಿತ್ತು?"

"ಯಾರ ಮೇಲೆ ಬಿತ್ತು ಎಂದು ಊರೆಲ್ಲ ಕೇಳಿತು ನಿಂಗಯ್ಯಾ, ಯಾರ ಮಸಿಯೊಳಗಿಂದ ಹೊರಟಿತು ಎಂದು ನೀನಾದರೂ ಕೇಳು."

 ನಿಂಗಯ್ಯ ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿ ಪಕ್ಕಕ್ಕಿಟ್ಟ.