ಹಲ್ಲಿನ ಹೆಸರಿನ ಒಪ್ಪತ್ತು

ಮಲಪ್ರಭೆಯ ದಂಡೆಯ ಮೇಲೆ ಒಂದು ಸಣ್ಣ ಮಠ. ಅಲ್ಲಿ ರಾಚಯ್ಯ ಎಂಬ ಗುರುಗಳಿದ್ದರು. ವಯಸ್ಸು ಎಂಬತ್ತರ ಹತ್ತಿರ. ಸುತ್ತಲಿನ ಹಳ್ಳಿಯವರಿಗೆಲ್ಲ ಅವರು ಅಜ್ಜಾರು.

ಅವರ ಶಿಷ್ಯೆ ದಾನೇಶ್ವರಿಗೆ ಇಪ್ಪತ್ನಾಲ್ಕು. ನಾಲ್ಕು ವರ್ಷದಿಂದ ಅಜ್ಜಾರ ಮುಂದೆ ಕೂತು ಪುರಾಣ ಹೇಳುವುದನ್ನು ಕಲಿಯುತ್ತಿದ್ದಳು. ಬರುವ ಶ್ರಾವಣದಲ್ಲಿ ತಿಂಗಳಿಡೀ ಅವಳೇ ಪ್ರವಚನಕ್ಕೆ ಕೂರಬೇಕೆಂದು ಅಜ್ಜಾರು ಹೇಳಿಬಿಟ್ಟಿದ್ದರು. ಅವರ ದನಿ ಬಿದ್ದುಹೋಗಿತ್ತು. ಆ ಪೀಠಕ್ಕೆ ಬೇರೆ ಯಾರೂ ಇರಲಿಲ್ಲ.

ಅವಳ ಮಾತು ಚಂದ. ಹಲ್ಲು ಮಾತ್ರ ಬಸ್ಸಿನಲ್ಲಿ ಜಾಗ ಸಿಗದವರ ಹಾಗೆ ಒಂದರ ಮೇಲೊಂದು ಏರಿದ್ದವು. ಯುಗಾದಿಯ ದಿನ ಅವಳು ಅರ್ಧ ಗಂಟೆ ಮಾತಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಅವಳಿಗೇ ಕಳಿಸಿದರು. ಅದನ್ನು ನೋಡಿ ಎರಡು ದಿನ ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಹಲ್ಲಿನ ಡಾಕ್ಟರನ್ನು ಕಾಣಲು ಹುಬ್ಬಳ್ಳಿಯ ಬಸ್ಸು ಹತ್ತಿದಳು.

ತಿಂಗಳಾದ ಮೇಲೆ ಅವಳ ಕೈಗೆ ಒಂದು ಪೆಟ್ಟಿಗೆ ಬಂತು. ಅದರಲ್ಲಿ ಇಪ್ಪತ್ತಾರು ಜೊತೆ ಅಲೈನರ್. ಹಲ್ಲಿಗೆ ತೊಡಿಸುವ, ತೊಟ್ಟರೂ ಎದುರಿನವರಿಗೆ ಕಾಣದ ತಿಳಿಯಾದ ಅಚ್ಚುಗಳು. ಹತ್ತು ದಿನಕ್ಕೊಮ್ಮೆ ಒಂದು ಜೊತೆ ತೆಗೆದು ಮುಂದಿನದನ್ನು ಹಾಕಬೇಕು. ಉಣ್ಣುವಾಗ, ಹಲ್ಲುಜ್ಜುವಾಗ ಬಿಟ್ಟರೆ ಹಗಲಿರುಳು ಬಾಯಲ್ಲೇ ಇರಬೇಕು. ಒಂದೊಂದೂ ಹಲ್ಲನ್ನು ಕೂದಲೆಳೆಯಷ್ಟು ಸರಿಸುತ್ತದೆ.

ಈ ದೇಹ ನೀರ ಮೇಲಿನ ಗುಳ್ಳೆ ಎಂದು ಅಜ್ಜಾರು ಶುರು ಮಾಡುತ್ತಾರೆ, ಅನುಮಾನವೇ ಇಲ್ಲ ಎಂದುಕೊಂಡು ಅವಳು ಉತ್ತರ ಕಟ್ಟಿಕೊಂಡೇ ಪೆಟ್ಟಿಗೆ ತೋರಿಸಲು ಹೋದಳು.

ಅಜ್ಜಾರು ಕೇಳಿದ್ದು ಇಷ್ಟೇ: "ನೋವಾಗತೈತೇನವಾ?"

"ಹೊಸಾದು ಹಾಕಿದ ಎರಡ ದಿನ ಆಗತೈತ್ರಿ."

"ಹಂಗಾರ ಆ ಎರಡ ದಿನ ಗಂಜಿ ಕುಡಿ."

ಕಟ್ಟಿಕೊಂಡು ಹೋದ ಉತ್ತರ ಹಾಗೇ ಉಳಿಯಿತು.

ಆದರೆ ಇಪ್ಪತ್ತಾರು ಜೊತೆ ಮುಗಿಯಲು ಎಂಟೂವರೆ ತಿಂಗಳು ಬೇಕು. ಶ್ರಾವಣಕ್ಕೆ ಉಳಿದದ್ದು ಮೂರೇ ತಿಂಗಳು. ಹನ್ನೊಂದು ದಿನದ ಜಪವನ್ನು ದಿನಕ್ಕೆ ಎರಡು ಪಟ್ಟು ಕೂತು ಆರು ದಿನಕ್ಕೇ ಮುಗಿಸಿದವರನ್ನು ಅವಳು ಮಠದಲ್ಲಿ ಕಂಡಿದ್ದಳು. ಹಲ್ಲೂ ಹಾಗೇ ಎಂದುಕೊಂಡಳು.

ಮೂರು ದಿನಕ್ಕೊಂದು ಜೊತೆ ಬದಲಿಸತೊಡಗಿದಳು. ಊಟಕ್ಕೆಂದು ಅಚ್ಚು ತೆಗೆಯುವ ಹೊತ್ತೂ ದಂಡವೆನಿಸಿ ಒಪ್ಪತ್ತು ಹಿಡಿದಳು. ದಿನಕ್ಕೆ ಒಂದೇ ಊಟ, ಅದೂ ಗಡಿಬಿಡಿಯ ಊಟ.

ಮಠದ ಅಡುಗೆಯ ಕಲ್ಲವ್ವನಿಗೆ ಇದು ದೊಡ್ಡ ನೇಮವಾಗಿ ಕಂಡಿತು. ಬಂದವರಿಗೆಲ್ಲ ಹೇಳಿದಳು. "ಈ ವಯಸ್ಸಿನಾಗ ಇಂಥಾ ನೇಮ ಯಾರಿಗೈತಿ ಹೇಳ್ರಿ!" ಹಳ್ಳಿಯ ಹೆಂಗಸರು ಬಂದು ದಾನೇಶ್ವರಿಯ ಕಾಲು ಮುಟ್ಟಿ ಹೋದರು. ಅವಳು ಬೇಡವೆನ್ನಲಿಲ್ಲ. ಬಾಯಿ ಮುಚ್ಚಿಕೊಂಡೇ ಮುಗುಳ್ನಕ್ಕಳು.

ಒಂದು ದಿನ ಅಜ್ಜಾರು ಕೇಳಿದರು. "ಒಪ್ಪತ್ತು ಯಾರ ಹೆಸರಿಲೆ?"

"ನಿಮ್ಮ ಹೆಸರಿಲೇನ್ರಿ, ಗುರುವಿನ ಹೆಸರಿಲೆ."

ಅಜ್ಜಾರು ಹೂಂ ಎಂದರು.

ಎಂಟನೆಯ ಜೊತೆ ಕೂರಲಿಲ್ಲ. ಅವಳು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದಳು. ಬೆಳಗಾಗುವಷ್ಟರಲ್ಲಿ ದವಡೆ ಬಾತು ಮುಂದಿನ ಹಲ್ಲೊಂದು ಅಲ್ಲಾಡುತ್ತಿತ್ತು. ಅವಳು ನಿಜಕ್ಕೂ ಹೆದರಿದಳು. ಮತ್ತೆ ಹುಬ್ಬಳ್ಳಿ ಬಸ್ಸು.

ಹಲ್ಲಿನ ಡಾಕ್ಟರು ಬೈಯಲಿಲ್ಲ, ಅದೇ ಅವಳಿಗೆ ಕಷ್ಟವಾಯಿತು. "ಹಲ್ಲು ಮುಂದ ಓಡೀತು. ಎಲುಬು ಓಡೂದಿಲ್ಲ. ಅದು ಹಿಂದಿನಿಂದ ಬಂದು ಸೇರಾಕ ಹತ್ತ ದಿನ ಬೇಕ," ಎಂದರು. ಐದನೆಯ ಜೊತೆಗೆ ವಾಪಸು ಕಳಿಸಿದರು.

ಸಂಜೆ ಅವಳು ನೇರವಾಗಿ ಅಜ್ಜಾರ ಹತ್ತಿರ ಬಂದಳು. ಅವರು ಹೊಳೆಯ ಕಡೆಯ ಕಟ್ಟೆಯ ಮೇಲೆ ಕೂತಿದ್ದರು.

"ಅಜ್ಜಾರ, ಈ ವರ್ಷ ಶ್ರಾವಣದ ಕರಪತ್ರದಾಗ ನನ್ನ ಹೆಸರು ಹಾಕಸಬ್ಯಾಡ್ರಿ."

"ಯಾಕವಾ?"

"ಮುಂದಿನ ಶ್ರಾವಣಕ್ಕ ಹಲ್ಲು ನೆಟ್ಟಗಾಗಿರತಾವ್ರಿ. ಆವಾಗ ಕೂಡತೇನಿ."

ಅಜ್ಜಾರು ಅವಳತ್ತ ತಿರುಗಿ ಕೂತರು. ಅವಳ ಒಳಗಿನದೂ ಹೊರಗೆ ಬಂತು.

"ಇನ್ನೊಂದು ಹೇಳೂದೈತ್ರಿ. ಒಪ್ಪತ್ತು ನಿಮ್ಮ ಹೆಸರಿಲೆ ಅಲ್ರಿ. ಹಲ್ಲಿನ ಹೆಸರಿಲೆ. ಸುಳ್ಳ ಹೇಳಿದೆ."

"ಗೊತ್ತೈತಿ. ನನ್ನ ಹೆಸರಿಲೆ ಯಾರೂ ಇಷ್ಟು ಹಸದು ಕುಂತಿಲ್ಲ."

ಅವಳಿಗೆ ನಗುವೂ ಬಂತು, ನಾಚಿಕೆಯೂ ಬಂತು.

"ಆ ಪೆಟಿಗಿ ತಗೊಂಬಾ," ಎಂದರು ಅಜ್ಜಾರು.

ತಂದಳು. ಅಜ್ಜಾರು ಒಂದೊಂದೇ ಪಾಕೀಟು ತೆಗೆದು ನಂಬರು ನೋಡಿ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಸಾಲು ಸೊಟ್ಟಗಾಯಿತು.

"ಇವುರಾಗ ನೀ ಯಾರು?"

ದಾನೇಶ್ವರಿ ಕೊನೆಯದನ್ನು ತೋರಿಸಿದಳು. ಇಪ್ಪತ್ತಾರು.

"ಹಾಕ್ಕೋ, ನೋಡೂನು."

ಬಾಯಲ್ಲಿದ್ದುದನ್ನು ತೆಗೆದು ಅದನ್ನು ಹಾಕಿದಳು. ಒಂದು ಹಲ್ಲಿನ ಮೇಲೆ ಕೂತು ಉಳಿದವುಗಳ ಮೇಲೆ ಎದ್ದು ನಿಂತಿತು.

"ಆಗವಲ್ದರಿ."

"ಒಂದನೇದು ಹಾಕ್ಕೋ."

ಅದೂ ಆಗಲಿಲ್ಲ. ಅಷ್ಟಿಷ್ಟು ಸರಿದ ಹಲ್ಲುಗಳಿಗೆ ಹಳೆಯ ಜಾಗ ಈಗ ಬಿಗಿ.

"ಆಗೂದು ಯಾವುದು?"

ಅವಳು ಐದನೆಯದನ್ನು ಮತ್ತೆ ಹಾಕಿಕೊಂಡಳು. ಟಕ್ ಎಂದು ಕೂತಿತು.

ಅಜ್ಜಾರು ಅವಳ ಮುಖ ನೋಡಿದರು. "ನಾಕ ವರ್ಷ ನನ್ನ ಮುಂದ ಕುಂತು ಕಲತಾಕಿ ಈಕಿ, ಈ ಐದನೇದಾಕಿ. ಇಪ್ಪತ್ತಾರನೇದಾಕಿನ್ನ ನಾ ಇನ್ನೂ ಕಂಡಿಲ್ಲ. ಆಕಿಗೆ ಒಂದು ಮಾತೂ ಕಲಿಸಿಲ್ಲ. ಆಕಿನ್ನ ನಂಬಿ ಮಂದೀನ ಹೆಂಗ ಕರೀಲಿ?"

ದಾನೇಶ್ವರಿಗೆ ಅಳು ತಡೆಯಲಾಗಲಿಲ್ಲ. ನಾಲ್ಕು ವರ್ಷದಲ್ಲಿ ಗುರುವಿನ ಮುಂದೆ ಅವಳು ಅತ್ತದ್ದು ಅದೇ ಮೊದಲು.

"ನಾ ಬಾಯಿ ತಗದ್ರ ಮಂದಿ ನನ್ನ ಹಲ್ಲ ನೋಡತಾರ್ರಿ, ಅಜ್ಜಾರ."

"ನೋಡ್ಲಿ ಬಿಡವಾ. ನೋಡಿ ನೋಡಿ ಬ್ಯಾಸರಾದ ಮ್ಯಾಲೆ ಕೇಳತಾರ."