ಹದಿನೈದೋ ಐವತ್ತೋ

ನದಿಯ ದಡದ ಆಶ್ರಮದಲ್ಲಿ ಅಡುಗೆ ಮಾಡುತ್ತಿದ್ದ ಬಸಲಿಂಗಮ್ಮನಿಗೆ ಬೆಳಿಗ್ಗೆಯಿಂದ ಎದೆನೋವು, ಏದುಸಿರು.

ಹೊರರಾಜ್ಯದ ಡಾಕ್ಟರೊಬ್ಬರು ದೋಣಿಯಲ್ಲಿ ಬಂದು ನೋಡಿದರು. ಔಷಧಿಯ ಸೀಸೆ ಕೊಟ್ಟು, ಎಷ್ಟು ಹನಿ ಹಾಕಬೇಕೆಂದು ಇಂಗ್ಲಿಷಿನಲ್ಲಿ ಹೇಳಿ ಹೊರಟರು. ಶಿಷ್ಯ ಶಾಂತವೀರ ತಲೆಯಾಡಿಸಿದ. ಶಿಷ್ಯರಲ್ಲಿ ಇಂಗ್ಲಿಷ್ ಬಲ್ಲವನೆಂದು ಅವನಿಗೆ ಹೆಸರಿತ್ತು.

ಅವನು ಎಣಿಸಿ ಐವತ್ತು ಹನಿ ಲೋಟಕ್ಕೆ ಬಿಟ್ಟ. ನೀರು ಕಪ್ಪಾಯಿತು.

"ವಾಸನೆಗೇ ಹೊಟ್ಟೆ ತೊಳಸ್ತದೆ. ಸ್ವಲ್ಪ ತಡಿಯಪ್ಪ" ಅಂದಳು ಬಸಲಿಂಗಮ್ಮ.

ಅಷ್ಟರಲ್ಲಿ ಗುರುಗಳು ಸ್ನಾನ ಮುಗಿಸಿ ಬಂದರು. ಲೋಟ ನೋಡಿದರು.

"ಎಷ್ಟು ಹನಿ?"

"ಐವತ್ತು, ಗುರುಗಳೇ."

"ಡಾಕ್ಟರು ಏನಂದರು?"

"ಫಿಫ್ಟಿ." ಶಾಂತವೀರನ ದನಿ ಇಳಿಯಿತು. "ಫಿಫ್ಟೀನ್ ಅಂದರೋ ಏನೋ."

ಗುರುಗಳು ಲೋಟವನ್ನು ಅಂಗೈಯಿಂದ ಮುಚ್ಚಿದರು.

"ನಮ್ಮ ಕನ್ನಡದಲ್ಲಿ ಹತ್ತು ಐದರ ಮುಂದೆ ನಿಂತರೆ ಹದಿನೈದು, ಹಿಂದೆ ನಿಂತರೆ ಐವತ್ತು. ಇಂಗ್ಲಿಷಿನಲ್ಲಿ ಎರಡು ಸಲವೂ ಅದು ಐದರ ಹಿಂದೆಯೇ ನಿಲ್ಲುತ್ತದೆ. ಟೀನ್ ಅಂದರೆ ಐದರ ಜೊತೆ ಒಂದು ಹತ್ತು. ಟಿ ಅಂದರೆ ಐದು ಹತ್ತುಗಳು."

"ಹಾಗಾದರೆ ಡಾಕ್ಟರು ಹೇಳಿದ್ದು ಯಾವುದು?"

"ನನಗೇನು ಗೊತ್ತು? ಓಡು!"

ಶಾಂತವೀರ ಓಡಿದ. ದೋಣಿ ಆಗಲೇ ದಡ ಬಿಟ್ಟಿತ್ತು. ಎದೆಮಟ್ಟದ ನೀರಿಗಿಳಿದು ಕೂಗಿದ. ಬಾಯಿಗೆ ಇಂಗ್ಲಿಷ್ ಬರಲಿಲ್ಲ. ಸೀಸೆ ಎತ್ತಿ ತೋರಿಸಿ, ಎಷ್ಟು ಎಂಬಂತೆ ಬೆರಳುಗಳನ್ನು ಅಗಲಿಸಿದ.

ಡಾಕ್ಟರು ದೋಣಿಯಲ್ಲಿ ಎದ್ದು ನಿಂತರು. ಎರಡೂ ಕೈ ಬಿಚ್ಚಿ ತೋರಿಸಿದರು. ಮುಚ್ಚಿದರು. ಆಮೇಲೆ ಒಂದೇ ಕೈ.

ಹದಿನೈದು.

ಒದ್ದೆ ಬಟ್ಟೆಯಲ್ಲೇ ಮರಳಿದ ಶಾಂತವೀರ ಲೋಟದಲ್ಲಿದ್ದುದನ್ನು ಹೊರಗೆ ಚೆಲ್ಲಿ, ಲೋಟ ತೊಳೆದು, ಹದಿನೈದು ಹನಿ ಎಣಿಸಿದ. ಗುರುಗಳೂ ಬಾಯಿಬಿಟ್ಟು ಜೊತೆಗೆ ಎಣಿಸಿದರು.

ಬಸಲಿಂಗಮ್ಮ ಕುಡಿದಳು. ಮಧ್ಯಾಹ್ನದ ಹೊತ್ತಿಗೆ ಉಸಿರು ಹದಕ್ಕೆ ಬಂತು. ಸಂಜೆ ಎದ್ದು ಕುಳಿತು, "ಒಲೆ ಹಚ್ಚಿದ್ದೀರೋ, ಎಲ್ಲರೂ ಉಪವಾಸವೋ?" ಎಂದು ಗದರಿದಳು.

ಶಾಂತವೀರ ಗೋಡೆಗೊರಗಿ ಕುಳಿತು ಅತ್ತುಬಿಟ್ಟ. ಅಳುತ್ತಲೇ ನಕ್ಕ.

"ಕೇಳಿದರೆ ಅವಮಾನ ಅಂತ ಸುಮ್ಮನೆ ತಲೆಯಾಡಿಸಿದ್ದೆ, ಗುರುಗಳೇ. ನಾಳೆಯಿಂದ ನನಗೆ ಇಂಗ್ಲಿಷ್ ಸರಿಯಾಗಿ ಕಲಿಸಿ."

ಗುರುಗಳು ಅವನ ತಲೆಗೆ ಒಣಬಟ್ಟೆ ಹೊದಿಸಿದರು.

"ಆಗಲಿ. 'ಇನ್ನೊಂದು ಸಲ ಹೇಳಿ' ಅನ್ನುವುದರಿಂದ ಶುರು ಮಾಡೋಣ."