ನಿಂಗಜ್ಜಿ ಮಸಿ ಬಳಿದ ಕುಳ್ಳಪ್ಪ

ಲೋಕದ ತೋಟಗಳಲ್ಲಿರೋ ಕುಳ್ಳಪ್ಪ ಗೊಂಬೆಗಳಿಗೆಲ್ಲ ಗಡ್ಡ ಅಂಟಿಸಿದವನು ನಾನೇ ಮಕ್ಕಳೇ! ಅಯ್ಯೋ, ಸುಳ್ಳು. ಒಂದಕ್ಕೂ ಅಂಟಿಸಿಲ್ಲ. ಆದರೆ ಈ ಲೋಟದ ಚಹಾ ಮುಗಿಯೋದ್ರೊಳಗೆ ಹೇಳೋ ನಿಂಗಜ್ಜಿಯ ಕಥೆ ನಿಜ. ಸುಮಾರಾಗಿ ನಿಜ.

ನಿಂಗಜ್ಜಿಯ ಹೂದೋಟದಲ್ಲಿ ಒಬ್ಬ ಸಿಮೆಂಟಿನ ಕುಳ್ಳಪ್ಪ. ಮೊಣಕಾಲೆತ್ತರ. ಕೆಂಪು ಟೋಪಿ. ಬಿಳಿ ಗಡ್ಡ. ಬಾಯ್ತುಂಬ ನಗು. ಬೀದಿಯ ಮಕ್ಕಳು ದಿನಾ ಓಡಿ ಬರೋರು. "ಕುಳ್ಳಪ್ಪ, ಕುಳ್ಳಪ್ಪ, ಉಂಡ್ಯಾ?" ಅನ್ನೋರು. ಗಡ್ಡ ಸವರೋರು.

ಅಜ್ಜಿಗೆ ಭಯ. "ಇಷ್ಟು ಚೆಂದದವನಿಗೆ ದೃಷ್ಟಿಯಾದರೆ?"

ಒಲೆಯ ಮಸಿ ತಂದಳು. ಎಣ್ಣೆಯಲ್ಲಿ ಕಲಸಿದಳು. ಕೆನ್ನೆಗೊಂದು ಬೊಟ್ಟು. ಸಾಲದು ಅಂತ ಇನ್ನೊಂದು. ಸಾಲದು ಅಂತ ಮುಖಕ್ಕೆಲ್ಲ.

ನಗು ಹೋಯ್ತು. ಮಕ್ಕಳು ಹೆದರಿ ಓಡಿದರು. ಮಾರನೆ ದಿನ ಒಬ್ಬರೂ ಬರಲಿಲ್ಲ.

"ನನ್ನ ಕೈಯಾರೆ ಮಾಡಿದೆನಲ್ಲ!" ಸೆರಗಿನಿಂದ ಒರೆಸಿದಳು. ಹೋಗಲಿಲ್ಲ.

ನೊರೆಕಾಯಿ ಬಿಡೋ ಅಂಟುವಾಳದ ಮರದ ಹತ್ತಿರ ಹೋದಳು. "ಮರವೇ, ಕಾಯಿ ಕೊಡು. ಕಾಯಿ ಮುಖಕ್ಕೆ."

"ಬಾಯಾರಿದೆ. ನೀರು ತಾ."

ಬಾವಿಗೆ ಹೋದಳು. "ಬಾವಿಯೇ, ನೀರು ಕೊಡು. ನೀರು ಮರಕ್ಕೆ, ಕಾಯಿ ಮುಖಕ್ಕೆ."

"ಹಗ್ಗ ಹರಿದಿದೆ. ಹಗ್ಗ ತಾ."

ಹಗ್ಗ ಹೊಸೆಯೋ ಈರಣ್ಣನ ಹತ್ತಿರ ಹೋದಳು. "ಈರಣ್ಣ, ಹಗ್ಗ ಕೊಡಪ್ಪ. ಹಗ್ಗ ಬಾವಿಗೆ, ನೀರು ಮರಕ್ಕೆ, ಕಾಯಿ ಮುಖಕ್ಕೆ."

"ಆ ಕುಳ್ಳಪ್ಪನ ಮುಖಕ್ಕೆ ಮಸಿ ಬಳಿದಿದ್ದು ಯಾರಜ್ಜಿ?"

"ನಾನೇ ಕಣಪ್ಪ."

"ಭಲೇ ಅಜ್ಜಿ! ಹೊಟ್ಟೆ ಹಸಿದಿದೆ. ಹಾಲು ತಾ."

ಹಸುವಿನ ಹತ್ತಿರ ಹೋದಳು. "ಹಸುವೇ, ಹಾಲು ಕೊಡವ್ವ. ಹಾಲು ಈರಣ್ಣಗೆ, ಹಗ್ಗ ಬಾವಿಗೆ, ನೀರು ಮರಕ್ಕೆ, ಕಾಯಿ ಮುಖಕ್ಕೆ."

"ಹುಲ್ಲು ತಾ."

ಹುಲ್ಲಿನ ಹತ್ತಿರ ಹೋದಳು. "ಹುಲ್ಲೇ, ಬಾರಪ್ಪ. ಹುಲ್ಲು ಹಸುವಿಗೆ, ಹಾಲು ಈರಣ್ಣಗೆ, ಹಗ್ಗ ಬಾವಿಗೆ, ನೀರು ಮರಕ್ಕೆ, ಕಾಯಿ ಮುಖಕ್ಕೆ."

"ನಾನು ಬೆಳೆದಿರೋದು ಕುಳ್ಳಪ್ಪನ ಕಾಲಡಿ. ಅವನನ್ನೇ ಕೇಳು."

ಅಜ್ಜಿ ಕುಕ್ಕರುಗಾಲಲ್ಲಿ ಕೂತಳು. ಆ ಕಪ್ಪು ಮುಖ ನೋಡಲಾಗಲಿಲ್ಲ.

"ಊರವರ ಕಣ್ಣಿಗೆ ಹೆದರಿದೆ. ಕೆಡಿಸಿದವಳು ನಾನೇ. ತಪ್ಪಾಯ್ತು ಕಣೋ ಮಗ."

ಕಣ್ಣೀರು ತೊಟ್ಟಿಕ್ಕಿತು. ಹುಲ್ಲು ಮೆಲ್ಲಗೆ ಬಾಗಿತು.

ಹುಲ್ಲು ಹಸುವಿಗೆ. ಹಸು ಹಾಲು ಕೊಟ್ಟಿತು. ಹಾಲು ಈರಣ್ಣಗೆ. ಈರಣ್ಣ ಹಗ್ಗ ಕೊಟ್ಟ. ಹಗ್ಗ ಬಾವಿಗೆ. ಬಾವಿ ನೀರು ಕೊಟ್ಟಿತು. ನೀರು ಮರಕ್ಕೆ. ಮರ ಕಾಯಿ ಕೊಟ್ಟಿತು. ಕಾಯಿ ಮುಖಕ್ಕೆ. ಬುಸುಬುಸು ನೊರೆ! ನೊರೆಯೊಳಗಿಂದ ನಗು ಬಂತು.

ಮಕ್ಕಳು ಓಡಿ ಬಂದರು. ಎಲ್ಲರಿಗಿಂತ ಚಿಕ್ಕವಳು ಸಣ್ಣಿ. ಅವಳು ಮಾತ್ರ ಗೇಟಿನ ಹಿಂದೆಯೇ ನಿಂತಳು.

"ಅಜ್ಜಿ, ನಾಳೆ ಮತ್ತೆ ಕಪ್ಪಗಾಗ್ತಾನಾ?"

"ಇಲ್ಲ ಕಣವ್ವ. ಇನ್ನು ಯಾವತ್ತೂ ಇಲ್ಲ."

ಸಣ್ಣಿ ಒಂದು ಹೆಜ್ಜೆ ಇಟ್ಟಳು. ಒಂದೇ ಹೆಜ್ಜೆ. ಅಜ್ಜಿ ಕಾದಳು. ಸಣ್ಣಿ ಇನ್ನೊಂದು ಹೆಜ್ಜೆ ಇಟ್ಟಳು.

ಅಲ್ಲಿಗೆ ಕಥೆ ಆಯ್ತು, ನನ್ನ ಲೋಟ ಖಾಲಿಯಾಯ್ತು. ಎಲ್ಲಿ, ಚಹಾದ ಕಾಸು ಕೊಡೋಕೆ ನಿಮ್ಮಪ್ಪನ್ನ ಕರೀರಿ!